ಡಾಕ್ಟರ ಕಾರಿನ ರೇಡಿಯೇಟರು

“ಬುದ್ಧಿ, ಯಾರೂ ನೋಡದ ತಪ್ಪನ್ನು ನಾವಾಗಿಯೇ ಹೇಳಿಕೊಳ್ಳಬೇಕೆ? ಅದರಿಂದ ಯಾರಿಗೂ ತೊಂದರೆ ಆಗದೆ ಇದ್ದರೂ?”

ಗುರುಗಳು ಶಿಷ್ಯನ ಮುಖ ನೋಡಿದರು. ತಪ್ಪು ಏನೆಂದು ಕೇಳಲಿಲ್ಲ. “ಕೂತುಕೋ” ಎಂದು ಹೇಳಿ ಕತೆ ಶುರುಮಾಡಿದರು.

ತುಮಕೂರಿನಲ್ಲಿ ದಸ್ತಗೀರ್ ಎಂಬ ಮೇಸ್ತ್ರಿ ಇದ್ದ. ಹಳೆಯ ಕಾರುಗಳನ್ನು ರಿಪೇರಿ ಮಾಡುವುದೇ ಅವನ ಕಸುಬು. ಅಂಗಡಿಯಲ್ಲಿ ಸಿಗದ ಸಾಮಾನನ್ನು ಹಿತ್ತಾಳೆಯ ತುಂಡಿನಿಂದ ತಾನೇ ಅರ ಹಿಡಿದು ಮಾಡಿಕೊಳ್ಳುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅವನ ಕೈಯಿಂದ ಹೊರಟ ಗಾಡಿ ಅದೇ ದೂರು ಹೊತ್ತು ಎರಡನೆಯ ಸಲ ಬಂದದ್ದಿಲ್ಲ. ಆ ಹೆಸರಿನ ಮೇಲೆ ಅವನಿಗೆ ಸಣ್ಣ ಹೆಮ್ಮೆಯೂ ಇತ್ತು.

ಅದೇ ಊರಿನ ವನಜಾಕ್ಷಮ್ಮ ತಮ್ಮ ತಂದೆಯ ಕಾರನ್ನು ಸಿದ್ಧ ಮಾಡಿಕೊಡಲು ಅವನನ್ನು ಮನೆಗೆ ಕರೆಸಿದ್ದರು. ತಂದೆ ಡಾಕ್ಟರು. ಬೆಟ್ಟದ ಮೇಲಿನ ಒಂದು ಊರಿನಲ್ಲಿ ಸಣ್ಣ ಆಸ್ಪತ್ರೆ ಕಟ್ಟಿಸಿ, ವಾರಕ್ಕೆ ಎರಡು ಸಲ ಆ ಕಾರಿನಲ್ಲೇ ಹತ್ತಿ ಹೋಗುತ್ತಿದ್ದವರು. ಡಾಕ್ಟರು ತೀರಿಹೋಗಿ ಬಹಳ ವರ್ಷವಾಗಿತ್ತು. ಆಸ್ಪತ್ರೆಗೆ ಎಪ್ಪತ್ತು ತುಂಬಿದ ಸಂತೋಷಕ್ಕೆ ಭಾನುವಾರ ಊರವರು ಸೇರುವವರಿದ್ದರು. ಅಪ್ಪನ ಕಾರಿನಲ್ಲೇ ಬರುತ್ತೇನೆಂದು ವನಜಾಕ್ಷಮ್ಮ ಮಾತು ಕೊಟ್ಟಿದ್ದರು.

ಆದರೆ ಆ ಕಾರು ಬೆಟ್ಟವನ್ನು ಒಂದೇ ದಮ್ಮಿಗೆ ಹತ್ತಿದ್ದನ್ನು ಅವರು ಎಂದೂ ಕಂಡಿರಲಿಲ್ಲ. ಅವರು ಚಿಕ್ಕವರಾಗಿದ್ದಾಗಿನಿಂದಲೂ ಮೂರನೆಯ ತಿರುವಿಗೆ ಬರುವಷ್ಟರಲ್ಲಿ ರೇಡಿಯೇಟರು ಕುದಿಯುತ್ತಿತ್ತು. ನಿಲ್ಲಿಸಿ, ಆರಲು ಬಿಟ್ಟು, ನೀರು ಹೊಯ್ದು ಮುಂದೆ ಹೋಗಬೇಕು. ಒಮ್ಮೆ ಕಷ್ಟದ ಹೆರಿಗೆಯ ಕರೆ ಬಂದಾಗ ಡಾಕ್ಟರು ಕುದಿಯುವ ಕಾರನ್ನು ಅಲ್ಲೇ ಬಿಟ್ಟು, ಪೆಟ್ಟಿಗೆ ಹಿಡಿದು ಬಿಸಿಲಲ್ಲಿ ಬೆಟ್ಟ ಹತ್ತಿ ಓಡಿದ್ದರು. ತಾಯಿ ಮಗು ಉಳಿದರು. ಡಾಕ್ಟರು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಹಳೆಯ ಕಾರು, ಅದರ ಗುಣವೇ ಅಷ್ಟು ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದರು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ದಸ್ತಗೀರನ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ರೇಡಿಯೇಟರಿನ ಮುಚ್ಚಳವನ್ನು ಕೂರಿಸುವುದೊಂದೇ ಬಾಕಿ. ಅದರ ಸ್ಕ್ರೂ, ವಾಷರು, ಸ್ಪ್ರಿಂಗು ಮೂರನ್ನೂ ಒಂದು ಬಟ್ಟೆಯ ಮೇಲಿಟ್ಟು ಬಗ್ಗಿದ್ದ. ಮೊಣಕೈ ತಾಗಿ ಬಟ್ಟೆ ಜಾರಿತು. ತೆರೆದಿದ್ದ ಬಾಯಿಯೊಳಗೆ ಟಿಣ್ ಎಂದು ಒಂದು ಬಿತ್ತು. ಅದರ ಹಿಂದೆಯೇ ಉಳಿದೆರಡೂ ಹೋದವು.

ದಸ್ತಗೀರ್ ಸುತ್ತ ನೋಡಿದ. ಯಾರೂ ಇರಲಿಲ್ಲ. ವನಜಾಕ್ಷಮ್ಮ ಒಳಗೆ ಕಾಫಿ ಮಾಡುತ್ತಿದ್ದರು. ಸ್ಪ್ರಿಂಗು ಅವನ ಪೆಟ್ಟಿಗೆಯಲ್ಲಿ ಇನ್ನೊಂದು ಇತ್ತು. ಸ್ಕ್ರೂ, ವಾಷರು ಮಾಡಲು ಒಂದು ಗಂಟೆ ಸಾಕು. ಮುಚ್ಚಳ ಕೂರಿಸಿದರೆ ಒಳಗೆ ಏನಿದೆ ಎಂದು ನೋಡುವವರು ಯಾರು? ಬಿದ್ದ ಸಾಮಾನು ನೀರಿನ ದಾರಿಗೆ ಅಡ್ಡ ಬಂದು ಕಾರು ಕುದಿದರೂ ಅವನತ್ತ ಯಾರೂ ಬೆರಳು ತೋರುತ್ತಿರಲಿಲ್ಲ. ಆ ಕಾರು ಹೇಗೂ ಕುದಿಯುವ ಕಾರು.

ಅವನು ಪೆಟ್ಟಿಗೆಯಿಂದ ಆ ಇನ್ನೊಂದು ಸ್ಪ್ರಿಂಗನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ ಅದನ್ನು ತೆಗೆದಲ್ಲೇ ಇಟ್ಟು, ಒಳಬಾಗಿಲ ಬಳಿ ಹೋದ.

“ಅಮ್ಮಾವ್ರೇ, ನನ್ನ ಕೈಯಿಂದ ತಪ್ಪಾಗಿದೆ. ಮೂರು ಸಾಮಾನು ರೇಡಿಯೇಟರೊಳಗೆ ಬಿದ್ದವು. ಅದನ್ನ ಪೂರ್ತಿ ಬಿಚ್ಚಬೇಕು.”

ವನಜಾಕ್ಷಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಭಾನುವಾರ ಬೆಟ್ಟಕ್ಕೆ ಹೋಗ್ಬೇಕಲ್ಲಪ್ಪ! ಬಿಚ್ಚಿ ಕೂತ್ರೆ ಮುಗಿಯುತ್ತಾ?”

“ಮುಗಿಸ್ತೀನಿ. ಮುಗೀದಿದ್ರೆ ಊರವ್ರ ಮುಂದೆ ನಾನೇ ನಿಂತು ಹೇಳ್ತೀನಿ, ತಪ್ಪು ನಂದು ಅಂತ.”

ಮೊದಲು ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟ. ಸ್ಪ್ರಿಂಗು ಉಕ್ಕಿನದು, ಕಚ್ಚಿಕೊಂಡು ಮೇಲೆ ಬಂತು. ಸ್ಕ್ರೂ ಮತ್ತು ವಾಷರು ಹಿತ್ತಾಳೆಯವು. ಅಯಸ್ಕಾಂತಕ್ಕೆ ಅವು ಜಗ್ಗಲಿಲ್ಲ. ತಂತಿಯ ತುದಿಗೆ ಗ್ರೀಸು ಮೆತ್ತಿ ಒಳಗೆಲ್ಲ ತಡಕಿದ. ಸಂಜೆಯಾದರೂ ಸಿಗಲಿಲ್ಲ.

ಶುಕ್ರವಾರ ನೀರು ಬಸಿದು, ಪೈಪು ಕಳಚಿ, ರೇಡಿಯೇಟರನ್ನು ಹೊರಗೆ ತೆಗೆದ. ಒದ್ದೆ ಗೋಣಿಚೀಲದ ಮೇಲೆ ತಲೆಕೆಳಗು ಮಾಡಿ ಅಲುಗಿಸಿದ. ಒಳಗೆ ಗಲಗಲ ಸದ್ದು ಬರುತ್ತಿತ್ತು, ಹೊರಗೆ ಮಾತ್ರ ಏನೂ ಬೀಳಲಿಲ್ಲ. ಬಾಯಿಯ ಕೊಳವೆ ಒಳಗಡೆ ಎರಡು ಬೆರಳಷ್ಟು ಚಾಚಿಕೊಂಡಿತ್ತು. ಮಗುಚಿದಾಗ ಸಾಮಾನುಗಳು ಆ ಅಂಚಿನ ಸುತ್ತಲಿನ ತಗ್ಗಿನಲ್ಲಿ ಕೂತುಬಿಡುತ್ತಿದ್ದವು. ದಿನವೆಲ್ಲ ಆಡಿಸಿ ಅವನ ಭುಜ ಸೋತವು. ಹೋಗಿ ಬೇರೆ ಯಾರನ್ನಾದರೂ ಕೇಳೋಣವೆಂದರೆ, ಅವನಿಗಿಂತ ಹೆಚ್ಚು ತಿಳಿದವರು ಆ ಊರಿನಲ್ಲಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಕೈಕಾಲು ತೊಳೆಯುತ್ತಿದ್ದಾಗ, ಕೊಡ ಬಗ್ಗಿಸಿದ ರಭಸಕ್ಕೆ ತಳದಲ್ಲಿದ್ದ ಮರಳು ನೀರಿನ ಜೊತೆಗೇ ಹೊರಗೆ ಚೆಲ್ಲಿತು. ದಸ್ತಗೀರ್ ಕೊಡವನ್ನು ಅಲ್ಲೇ ಬಿಟ್ಟು ಎದ್ದ. ಮರದ ಬಿರಡೆ ಕೆತ್ತಿ ರೇಡಿಯೇಟರಿನ ಬಾಯಿಗೆ ಹೊಡೆದ. ಮೇಲಿನ ಪೈಪಿನ ತೂತಿಗೆ ಬಟ್ಟೆ ಬಿಗಿದ. ತಲೆಕೆಳಗಾಗಿ ಎತ್ತರದಲ್ಲಿ ನಿಲ್ಲಿಸಿ, ಮೇಲಾಗಿದ್ದ ತಳದ ತೂತಿನಿಂದ ಕಂಠಮಟ್ಟ ನೀರು ತುಂಬಿಸಿ, ಚೆನ್ನಾಗಿ ಕುಲುಕಿ, ಬಿರಡೆಯನ್ನು ಒಮ್ಮೆಲೇ ಕಿತ್ತ.

ನೀರು ಧಡಾರನೆ ಇಳಿಯಿತು. ಕೆಂಪು ಕೆಸರಿನ ನಡುವೆ ವಾಷರು ಹೊಳೆಯಿತು.

“ಬಂತು!” ಎಂದು ವನಜಾಕ್ಷಮ್ಮ ಕೂಗಿದರು. ಎರಡನೆಯ ಸಲ ಬರೀ ಕೆಸರು. ಮೂರನೆಯ ಸಲ ಸ್ಕ್ರೂ ಬಿತ್ತು. ಮೂರೂ ಸಾಮಾನು ಕೈಗೆ ಬಂದಿದ್ದವು.

“ಮುಗೀತಲ್ಲ, ಇನ್ನು ಕೂರಿಸಿಬಿಡಪ್ಪ” ಎಂದರು ವನಜಾಕ್ಷಮ್ಮ.

ದಸ್ತಗೀರ್ ರೇಡಿಯೇಟರನ್ನು ಒಮ್ಮೆ ಓಲಾಡಿಸಿ ಕಿವಿಗೊಟ್ಟ. ಒಳಗೆ ಎಲ್ಲೋ ದೊಪ್ಪೆಂದಿತು. ಅವನು ಬೀಳಿಸಿದ್ದು ಯಾವುದೂ ಒಳಗೆ ಉಳಿದಿರಲಿಲ್ಲ. ಆದರೂ ಮತ್ತೆ ನೀರು ತುಂಬಿಸಿದ. ಇನ್ನೂ ನಾಲ್ಕು ಸಲ ತುಂಬಿ ಬಿಟ್ಟ ಮೇಲೆ ಬಾಯಿಗೆ ಏನೋ ಬಂದು ಸಿಕ್ಕಿಕೊಂಡಿತು. ಇಕ್ಕಳ ಹಾಕಿ ಮೆಲ್ಲಗೆ ಎಳೆದ. ಸುಣ್ಣದಂಥ ಗಷ್ಟು ಹಿಡಿದು ಅರ್ಧ ಕಲ್ಲಾಗಿದ್ದ ಬಟ್ಟೆಯ ಉಂಡೆ ಅದು. ಒಡೆದು ನೋಡಿದರೆ ನಡುವೆ ಒಂದು ಹಿತ್ತಾಳೆಯ ನಟ್ಟು.

ಅವನಿಗೆ ಎಲ್ಲ ಅರ್ಥವಾಯಿತು. ಎಷ್ಟೋ ವರ್ಷದ ಹಿಂದೆ ಯಾರೋ ಮೇಸ್ತ್ರಿ, ಸಾಮಾನು ಒಳಗೆ ಬೀಳದಿರಲೆಂದು ಬಾಯಿಗೆ ಬಟ್ಟೆ ತುರುಕಿದ್ದ. ನಟ್ಟಿನ ಜೊತೆಗೆ ಬಟ್ಟೆಯೂ ಒಳಗೆ ಹೋಗಿತ್ತು. ಅಂದಿನಿಂದ ಆ ಉಂಡೆ, ಒಳಗೆ ನೀರು ಇಳಿಯುವ ಕೊಳವೆಗಳಲ್ಲಿ ಅರ್ಧದಷ್ಟರ ಬಾಯಿ ಮುಚ್ಚಿ ಕೂತಿತ್ತು. ದಸ್ತಗೀರ್ ನಟ್ಟನ್ನು ಉಜ್ಜಿ ಬೆಳಕಿಗೆ ಹಿಡಿದ. ಕೈಯಲ್ಲೇ ಅರ ಹಿಡಿದು ಮಾಡಿದ್ದು. ಆರು ಮುಖವೂ ಒಂದೇ ಅಳತೆ.

“ಅಮ್ಮಾವ್ರೇ, ನಿಮ್ಮ ಕಾರಿನ ಗುಣ ಚೆನ್ನಾಗೇ ಇತ್ತು” ಎಂದ.

ರಾತ್ರಿಯೊಳಗೆ ಎಲ್ಲ ಕೂರಿಸಿ ಮುಗಿಸಿ, ಭಾನುವಾರ ಅವನೇ ಕಾರು ಓಡಿಸಿದ. ವನಜಾಕ್ಷಮ್ಮ ಪಕ್ಕದಲ್ಲಿ ಕೂತು, ನೀರಿನ ಕ್ಯಾನನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದರು. ಮೊದಲ ತಿರುವು ಕಳೆಯಿತು. ಎರಡನೆಯದೂ ಕಳೆಯಿತು. ಮೂರನೆಯ ತಿರುವಿನಲ್ಲಿ ಅವರು ಅಭ್ಯಾಸದಂತೆ ಕಾಲೂರಿ ಇಳಿಯಲು ಅಣಿಯಾದರು. ದಸ್ತಗೀರ್ ರೇಡಿಯೇಟರಿನ ಬಾಯಿ ನೋಡಿದ. ಹಬೆಯ ಸುಳಿವಿಲ್ಲ.

“ನಿಲ್ಲಿಸಲಾ?” ಎಂದು ಕೇಳಿದ.

“ನಿಲ್ಲಿಸ್ಬೇಡ! ಹೊಡಿ ಮುಂದಕ್ಕೆ!” ಎಪ್ಪತ್ತೆಂಟರ ವನಜಾಕ್ಷಮ್ಮ ಹುಡುಗಿಯಂತೆ ಕೂಗಿದರು.

ಕಾರು ಗುಡುಗುತ್ತ ಬೆಟ್ಟದ ನೆತ್ತಿಗೆ ಹೋಗಿ ಆಸ್ಪತ್ರೆಯ ಅಂಗಳದಲ್ಲಿ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪ್ಪ ಈ ದಿನ ನೋಡಬೇಕಿತ್ತು ಎನ್ನುತ್ತ ವನಜಾಕ್ಷಮ್ಮ ಅತ್ತರು, ನಕ್ಕರು. ರೇಡಿಯೇಟರಿಗೆಂದು ತಂದಿದ್ದ ನೀರನ್ನು ಅವರೂ ಮೇಸ್ತ್ರಿಯೂ ಕುಡಿದು ಮುಗಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ಮೇಸ್ತ್ರಿ ಗೆದ್ದ, ಬುದ್ಧಿ. ಒಳ್ಳೆಯ ಕೆಲಸಗಾರ!”

“ಆ ನಟ್ಟನ್ನು ಬೀಳಿಸಿ ಹೇಳದೆ ಹೋದವನೂ ಒಳ್ಳೆಯ ಕೆಲಸಗಾರನೇ” ಎಂದರು ಗುರುಗಳು.