ಬೊಗಳದ ಬೆಟ್ಟಪ್ಪ

ಆಶ್ರಯಧಾಮದಿಂದ ಕರೆತಂದ ನಾಯಿ ಬೆಟ್ಟಪ್ಪ ಗೇಟಿನೊಳಗೆ ಕಾಲಿಟ್ಟಾಗ ಆ ಮನೆಯ ಬೆಕ್ಕು ಸುಬ್ಬಿಗೆ ಎದೆ ಧಸಕ್ಕೆಂದಿತು. ಕರುವಿನಷ್ಟು ಎತ್ತರದ ಪ್ರಾಣಿ! ಇನ್ನು ತನ್ನ ಹಾಲೂ ಉಳಿಯುವುದಿಲ್ಲ, ಸೋಫಾವೂ ಉಳಿಯುವುದಿಲ್ಲ ಎಂದುಕೊಂಡು ನೇರ ಅವನ ಮುಂದೆ ಹೋಗಿ ನಿಂತಳು.

"ನೋಡಪ್ಪ, ಈ ಮನೆಗೊಂದು ಕಟ್ಟಳೆಯಿದೆ. ಬೊಗಳಿದವರನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತಾರೆ."

ಅಂಥ ಕಟ್ಟಳೆ ಇರಲೇ ಇಲ್ಲ. ಆದರೆ ಹಿಂದೊಂದು ಮನೆಯಿಂದ ಹಾಗೇ ವಾಪಸಾಗಿದ್ದ ಬೆಟ್ಟಪ್ಪ, "ಆಗಲಿ ಅಕ್ಕ" ಎಂದ. ಬೀದಿನಾಯಿಗಳು ಗೇಟಿಗೇ ಬಂದು ಕೆಣಕಿದರೂ ಬಾಯಿ ಬಿಡಲಿಲ್ಲ. "ಎಷ್ಟು ಸಾಧು ನನ್ನಪ್ಪ!" ಎಂದು ಯಜಮಾನಿ ವನಜಾಕ್ಷಿ ಅವನ ತಲೆ ನೇವರಿಸಿದಾಗ ಸುಬ್ಬಿಗೆ ಮೈಯೆಲ್ಲ ಉರಿಯಿತು.

ಒಂದು ಮಧ್ಯಾಹ್ನ, ಮುಚ್ಚಳ ತೆರೆದಿಟ್ಟಿದ್ದ ಅಂಗಳದ ನೀರಿನ ಸಂಪಿನೊಳಗೆ ಸುಬ್ಬಿ ಬಿದ್ದಳು. ಮಿಕ್ಸಿಯ ಸದ್ದಿನಲ್ಲಿ ಅವಳ ಕೂಗು ಅಡುಗೆಮನೆಗೆ ಕೇಳಿಸಲಿಲ್ಲ. ಬೆಟ್ಟಪ್ಪ ಓಡಿಬಂದು ಬಗ್ಗಿ ನೋಡಿದ.

"ಬೊಗಳೋ ಮಾರಾಯ!"

"ಬೊಗಳಿದರೆ ನನ್ನನ್ನು ಕಳಿಸಿಬಿಡುತ್ತಾರಲ್ಲ ಅಕ್ಕ."

ಸುಬ್ಬಿಯ ಬಾಯಿಗೆ ನೀರು ನುಗ್ಗಿತು. ನಿಜ ಹೇಳಲೂ ಆಗಲಿಲ್ಲ. ಬೆಟ್ಟಪ್ಪ ಮನೆಯನ್ನೊಮ್ಮೆ ಕಣ್ತುಂಬ ನೋಡಿಕೊಂಡು, ಬೀದಿಯೇ ನಡುಗುವಂತೆ ಬೊಗಳಿದ.

ವನಜಾಕ್ಷಿ ಓಡಿಬಂದು, ಬಕೆಟ್ ಇಳಿಬಿಟ್ಟು ಬೆಕ್ಕನ್ನು ಮೇಲೆತ್ತಿದರು. ಅಷ್ಟರಲ್ಲಿ ಬೆಟ್ಟಪ್ಪ ತನ್ನ ಚೈನನ್ನು ತಾನೇ ಕಚ್ಚಿಕೊಂಡು ಹೋಗಿ ಗೇಟಿನ ಬಳಿ ಕೂತಿದ್ದ.

ಮೈ ಒರೆಸಲು ತಂದ ಟವೆಲಿಗೂ ನಿಲ್ಲದೆ ಸುಬ್ಬಿ ಓಡಿದಳು. ಗೇಟಿಗೂ ಬೆಟ್ಟಪ್ಪನಿಗೂ ನಡುವೆ, ನೀರು ಸುರಿಸುತ್ತಲೇ ಅಡ್ಡ ಮಲಗಿದಳು.