ಮಾದ ಕಾದ ಮಾವಿನ ಗಿಡ

ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮಾದ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹಿತ್ತಲಲ್ಲಿ ಅವಳದೊಂದು ಕಸಿಮಾವಿನ ಗಿಡ. ತವರಿನ ಹಳೇ ಮರ ಗಾಳಿಗೆ ಬೀಳುವ ಮುಂಚೆ ಅವಳ ಅಣ್ಣ ಕಸಿ ಕಟ್ಟಿ ತಂದುಕೊಟ್ಟಿದ್ದ. ಆ ಮರದ್ದು ಅಂತ ಉಳಿದಿದ್ದು ಇದೊಂದೇ. ಅವಳಿಗೆ ಗಿಡದ ಮೇಲೆ ಪ್ರಾಣ.

ಜೀರುಂಡೆ ಕಾಲ ಬಂತು. ಎಲ್ಲಿ ನೋಡಿದರೂ ಜೀರ್ ಜೀರ್. ಹೊಲಕ್ಕೆ ಹೊರಟ ಅವ್ವ ಹೇಳಿದಳು: "ಬಾಗ್ಲು ಹಾಕ್ಕೊಂಡು ಕೂತ್ಕೊಳ್ಲಾ. ಏನ್ ಬಂದ್ರೂ ಒಳಕ್ಕೆ ಬುಡಬ್ಯಾಡ!"

"ಆಯ್ತು ಕಣವ್ವ!"

ಬಂದವನು ಸೋದರಮಾವ. "ಲೋ ಅಳಿಯ, ನಾನು ಕಣ್ಲಾ, ಬಾಗ್ಲು ತಗಿ!"

"ಏನ್ ಬಂದ್ರೂ ಬುಡಬ್ಯಾಡ ಅಂದವ್ಳೆ ಅವ್ವ!"

ಮಾವ ಬಿಸಿಲಲ್ಲಿ ಒಣಗಿ ವಾಪಸ್ ಹೋದ. ಸಂಜೆ ಅವ್ವನ ಬೈಗುಳ: "ಅಯ್ಯೋ ಪೆದ್ದಪ್ಪ! ಹೊಸ್ತಿಲಿಗೆ ಬಂದೋರ್ನ ಒಳಕ್ಕೆ ಕರ್ದು, ಚಾಪೆ ಹಾಸಿ, ಬೆಲ್ಲ ನೀರು ಕೊಡಬೇಕು ಕಣ್ಲಾ!"

"ಆಯ್ತು ಕಣವ್ವ!"

ಮಾರನೇ ದಿನ ಹೊಸ್ತಿಲಿಗೆ ಬಂದದ್ದು ಜೀರುಂಡೆ. "ಬನ್ನಿ ಬನ್ನಿ!" ಚಾಪೆ ಹಾಸಿದ, ಬೆಲ್ಲ ಇಟ್ಟ, ನೀರು ಇಟ್ಟ. ಅವ್ವ ಬರುವ ಹೊತ್ತಿಗೆ ಹಿಟ್ಟಿನ ಮಡಕೆಯಲ್ಲೂ ಜೀರ್, ಹಾಸಿಗೆಯಲ್ಲೂ ಜೀರ್.

"ಜೀರುಂಡೆಗೆ ಬೆಲ್ಲ ಕೊಟ್ಯೇನ್ಲಾ! ಅದು ಎಲ್ಲೇ ಕೂತಿರ್ಲಿ, ಪೊರಕೆ ತಕ್ಕೊಂಡು ಬಾರ್ಸು!"

"ಆಯ್ತು ಕಣವ್ವ!"

ಮೂರನೇ ದಿನ ಪಾಪ, ಮಾವನೇ ಮತ್ತೆ ಬಂದ. ಅವನ ರುಮಾಲಿನ ಮೇಲೊಂದು ಜೀರುಂಡೆ ಕೂತಿತ್ತು. ಮಾದ ಪೊರಕೆ ಎತ್ತಿದ, ಬಾರಿಸಿದ. ಅದು ಹಾರಿ ಭುಜದ ಮೇಲೆ ಕೂತಿತು, ಅಲ್ಲಿಗೂ ಬಾರಿಸಿದ. ತಂಗಿ ಮನೆಯಲ್ಲಿ ಪೊರಕೆ ಏಟು ತಿಂದ ಅಣ್ಣ ತಿರುಗಿ ನೋಡದೆ ಊರು ಬಿಟ್ಟ.

ಅವ್ವ ತಲೆ ಚಚ್ಚಿಕೊಂಡಳು. "ನೀನು ಮನೆ ಕಾದಿದ್ದು ಸಾಕು! ಗಿಡ ಕಾಯಿ. ಜೀರುಂಡೆ ಮಣ್ಣಿಂದ ಎದ್ದು ಗಿಡ ಹತ್ತಿ, ಎಳೇ ಕೊಂಬೆ ಸೀಳಿ ಮೊಟ್ಟೆ ಇಡ್ತವೆ. ನನ್ನ ಹಳೇ ಸೀರೆ ಸುತ್ತಿ ಕಟ್ಟು. ಮಣ್ಣಿಂದ ಒಂದೂ ಹತ್ಕೂಡದು! ದಿನಾ ಹಾಕೋ ಒಂದ್ ಕೊಡ ನೀರು ಮಾತ್ರ ತಪ್ಪುಸಬ್ಯಾಡ!"

"ಆಯ್ತು ಕಣವ್ವ!"

ಸಂಜೆ ಬಂದು ನೋಡಿದರೆ ಹಿತ್ತಲಲ್ಲಿ ಗಿಡವೇ ಇಲ್ಲ! ಒಳಗೆ ಓಡಿದಳು. ಸೀರೆ ಸುತ್ತಿದ ಗಿಡ ಬೇರು ಸಮೇತ ತೊಲೆಯಿಂದ ನೇತಾಡುತ್ತಿದೆ.

"ಮಣ್ಣಿಂದ ತಾನೇ ಹತ್ತೋದು? ಈಗ ಹತ್ಲಿ, ನೋಡಾನ!"

ಅವ್ವನಿಗೆ ಅಳು ಬಂತು. "ಒಣಗೋಯ್ತದಲ್ಲೋ! ನೀರು ಎಲ್ಲಿಗ್ಲಾ ಹಾಕ್ತೀಯ?"

"ಹಾಕಾಯ್ತು ಕಣವ್ವ. ಗುಂಡಿಗೆ, ಒಂದ್ ಕೊಡ!"

ಅವ್ವ ಬೈಯುತ್ತ ಕೂರಲಿಲ್ಲ. ಗಿಡ ಇಳಿಸಿದಳು, ಆ ಒದ್ದೆ ಗುಂಡಿಯಲ್ಲೇ ನೆಟ್ಟಳು, ಮಣ್ಣು ಮುಚ್ಚಿದಳು. "ಇದನ್ನ ನೆಟ್ಟಗೆ ಹಿಡ್ಕೊಳ್ಲಾ. ಕೈ ಬುಡಬ್ಯಾಡ!"

"ಆಯ್ತು ಕಣವ್ವ!"

ಗಿಡ ಬದುಕಿತು. ಚಿಗುರಿತು, ಹಣ್ಣೂ ಬಿಟ್ಟಿತು. ಮುನಿಸಿಕೊಂಡಿದ್ದ ಮಾವ ಬಂದು ಹಣ್ಣು ತಿಂದೂ ಹೋದ. ಮಾದ ಮಾತ್ರ ಇನ್ನೂ ಹಿಡಿದುಕೊಂಡೇ ನಿಂತಿದ್ದಾನೆ. ಮೂಗಿನ ಮೇಲೊಂದು ಜೀರುಂಡೆ ಕೂತಿದೆ. ಓಡಿಸೋಣ ಅಂದರೆ ಕೈ ಬಿಡಬೇಕಲ್ಲ!