ಕರೆದುಕೊಂಡು ಹೋದವನು

"ಒಂದು ಮಾತು ಹೇಳುವುದಕ್ಕೆ ಏನು ಖರ್ಚು, ಬುದ್ಧಿ?" ಎಂದು ಶಿಷ್ಯ ಚೆನ್ನವೀರ ಮಠದ ಗುರುಗಳನ್ನು ಕೇಳಿದ.

ಅವನ ಹೆಂಡತಿಯ ತಮ್ಮನಿಗೆ ಒಂದು ಕೆಲಸ ಬೇಕಾಗಿತ್ತು. ಪೇಟೆಯ ಅಕ್ಕಿ ಗಿರಣಿಯಲ್ಲಿ ಉಗ್ರಾಣ ನೋಡಿಕೊಳ್ಳುವ ಜಾಗ ಖಾಲಿಯಿತ್ತು. ಗಿರಣಿಯ ಧಣಿ ಮಠದ ಭಕ್ತ. ಮಠದಲ್ಲಿ ಓದುವ ಹುಡುಗರ ಊಟಕ್ಕೆ ಅಕ್ಕಿ ಬರುತ್ತಿದ್ದದ್ದೂ ಅದೇ ಗಿರಣಿಯಿಂದ. ಗುರುಗಳು ಫೋನಿನಲ್ಲಿ ಒಂದು ಮಾತು ಅಂದರೆ ಸಾಕು, ಧಣಿ ಎರಡನೆಯ ಪ್ರಶ್ನೆ ಕೇಳದೆ ಹುಡುಗನನ್ನು ಸೇರಿಸಿಕೊಳ್ಳುತ್ತಿದ್ದ.

"ಹುಡುಗ ಎಂಥವನು?" ಎಂದು ಗುರುಗಳು ಕೇಳಿದರು.

"ಒಳ್ಳೆಯವನೇ ಇರಬೇಕು, ಬುದ್ಧಿ. ಅವನ ಜೊತೆ ನಾನು ಹೆಚ್ಚು ಮಾತಾಡಿದವನಲ್ಲ. ಆದರೆ ಮನೆಯಲ್ಲಿ ದಿನಾ ಇದೇ ರಾಗ."

ಗುರುಗಳು ನಕ್ಕರು. ಅವರಿಗೆ ಸಂಸಾರವಿರಲಿಲ್ಲ, ಆದರೆ ಆ ರಾಗವನ್ನು ಹೊತ್ತುಕೊಂಡು ಮಠದ ಮೆಟ್ಟಿಲು ಹತ್ತಿದ ಬಹಳ ಮಂದಿಯನ್ನು ಕಂಡಿದ್ದರು. ಅವರು ಜಪಾನ್ ದೇಶವನ್ನೂ ಕಂಡವರಲ್ಲ. ಅಲ್ಲಿ ವ್ಯಾಪಾರ ಮಾಡಿ ಬಂದವರು ಯಾರೋ ಮಠದ ಜಗಲಿಯ ಮೇಲೆ ಕೂತು ಹೇಳಿದ ಒಂದು ಕತೆ ಅವರಲ್ಲಿ ಉಳಿದಿತ್ತು. ಫೋನನ್ನು ಮಣೆಯ ಮೇಲಿಟ್ಟು ಅದನ್ನು ಹೇಳತೊಡಗಿದರು.

ಜಪಾನಿನಲ್ಲಿ ಒಸಾಕಾ ಎಂಬ ದೊಡ್ಡ ಶಹರವಿದೆ. ಅಲ್ಲಿ ನಮ್ಮ ಕಡೆಯ ಒಬ್ಬ ವ್ಯಾಪಾರಿ ಇದ್ದ. ಅಲ್ಲಿ ಬಟ್ಟೆ ಕೊಂಡು ಇಲ್ಲಿಗೆ ಕಳಿಸುವುದು ಅವನ ಕಸುಬು. ಆ ಊರಿನವರಿಗೆ ಊಟವೆಂದರೆ ಪ್ರಾಣ. ಯಾವ ಬೀದಿಗೆ ಹೋದರೂ ಊಟದ ಮನೆಗಳ ಸಾಲು. ಆದರೆ ಈ ವ್ಯಾಪಾರಿ ಮೀನು, ಮಾಂಸ ಮುಟ್ಟದವನು. ಅಲ್ಲಿ ಸಾರಿನ ನೀರಿಗೇ ಒಣಮೀನು ಹಾಕಿ ಕುದಿಸುತ್ತಾರೆ. ತರಕಾರಿ ಕೊಡಿ ಎಂದರೆ ತರಕಾರಿಯನ್ನೇ ಕೊಡುತ್ತಾರೆ, ಅದು ಬೆಂದಿರುವುದು ಮಾತ್ರ ಮೀನಿನ ನೀರಿನಲ್ಲಿ. ಮೊದಲ ವರ್ಷವನ್ನೆಲ್ಲ ಅವನು ಬ್ರೆಡ್ಡು, ಬಾಳೆಹಣ್ಣು, ಮೊಸರಿನ ಮೇಲೆ ದೂಡಿದ. ಊಟದ ಊರಿನಲ್ಲಿ ಉಪವಾಸ ಬಿದ್ದವನೆಂದರೆ ಅವನೊಬ್ಬನೇ.

ಕಪ್ಪೆಚಿಪ್ಪಿನಿಂದ ಅಂಗಿಯ ಗುಂಡಿ ಮಾಡುವ ಒಬ್ಬ ಮುದುಕನಿಗೂ ವ್ಯಾಪಾರಿಗೂ ಕೊಡುಕೊಳ್ಳುವ ವ್ಯವಹಾರವಿತ್ತು. ಮುದುಕ ಹೆಚ್ಚು ಮಾತಿನವನಲ್ಲ. ಈತ ದಿನೇ ದಿನೇ ಸೊರಗುವುದನ್ನು ನೋಡಿದ. ಒಂದು ಮಧ್ಯಾಹ್ನ ಕೆಲಸ ನಿಲ್ಲಿಸಿ, ಬನ್ನಿ ಎಂದು ಎಬ್ಬಿಸಿಕೊಂಡು ಒಂದು ಊಟದ ಮನೆಗೆ ಹೋದ.

ಆ ಮನೆಗೆ ಬೋರ್ಡು ಇರಲಿಲ್ಲ. ಒಳಗೆ ಉದ್ದನೆಯ ಒಂದು ಹಲಗೆ, ಈಚೆ ಕೂರುವುದಕ್ಕೆ ಒಂದು ಸಾಲು ಸ್ಟೂಲು, ಆಚೆ ಅಡುಗೆ ಮಾಡುವ ಹೆಂಗಸು. ಮುದುಕ ಅವಳಿಗೆ ಏನೋ ಹೇಳಿದ. ಅವಳು ಒಣಮೀನಿನ ಪಾತ್ರೆಯನ್ನು ದೂರ ಸರಿಸಿದಳು. ಸಮುದ್ರದಲ್ಲಿ ಬೆಳೆಯುವ ಒಂದು ಸೊಪ್ಪಿನ ನೀರು ಕಾಯಿಸಿ, ಅದರಲ್ಲಿ ಮೂಲಂಗಿ, ಪನೀರಿನಂಥ ತೋಫು ಬೇಯಿಸಿ, ಬಿಸಿ ಅನ್ನದ ಜೊತೆ ಮುಂದಿಟ್ಟಳು. ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ಮೂಲಂಗಿ ಕಂಡು ಅಳುವುದೇನಿತ್ತು ಎಂದು ಕೇಳಬೇಡ. ಒಂದು ವರ್ಷ ಬ್ರೆಡ್ಡು ತಿಂದು ನೋಡು.

ಎದ್ದು ಹೊರಗೆ ಬಂದ ಮೇಲೆ ಮುದುಕ ಹೇಳಿದ: "ಇಲ್ಲಿ ಗೊತ್ತಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಇನ್ನು ಮೇಲೆ ನೀವು ಒಬ್ಬರೇ ಬರಬಹುದು. ನಿಮ್ಮನ್ನು ಕರೆದುಕೊಂಡು ಬಂದದ್ದು ನಾನು."

ಆ ದೇಶದ ಕೆಲವು ಹಳೆಯ ಊಟದ ಮನೆಗಳಲ್ಲಿ ಇದೊಂದು ಪದ್ಧತಿ. ದುಡ್ಡಿದ್ದವರೆಲ್ಲ ಒಳಗೆ ಹೋಗುವಂತಿಲ್ಲ. ಅಲ್ಲಿ ಆಗಲೇ ಉಣ್ಣುತ್ತಿರುವವರು ಯಾರಾದರೂ ಕರೆತರಬೇಕು. ಹಾಗೆ ಕರೆತಂದವನು ಬಂದವನಿಗೆ ಹೊಣೆ. ಬಂದವನು ಬಿಲ್ಲು ಕೊಡದೆ ಹೋದರೆ ಅದು ಕರೆತಂದವನಿಗೆ ಹೋಗುತ್ತದೆ. ವ್ಯಾಪಾರಿ ಇದನ್ನೆಲ್ಲ ಕೇಳಿ ತಲೆಯಾಡಿಸಿದ. ಇದು ಬಿಲ್ಲಿನ ವಿಚಾರ ಎಂದು ತಿಳಿದುಕೊಂಡ. ವ್ಯಾಪಾರಿ ತಾನೇ, ಬೇರೆ ಹೇಗೆ ತಿಳಿದುಕೊಂಡಾನು?

ವರ್ಷಗಳು ಕಳೆದವು. ವ್ಯಾಪಾರಿಗೆ ಭಾಷೆ ಬಂತು, ಊರು ಪರಿಚಯವಾಯಿತು. ಆ ಶಹರಕ್ಕೆ ಬರುವ ನಮ್ಮ ಜನ ವಿಮಾನ ಇಳಿಯುತ್ತಲೇ ಅವನಿಗೆ ಫೋನ್ ಮಾಡುವರು. ಎಲ್ಲಿ ಉಂಡರೆ ಚೆನ್ನ, ಎಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ? ಅವನಿಗೆ ಎಲ್ಲವೂ ಬಾಯಿಪಾಠ. ಸಂಜೆ ಜೇಬು ಸುಡುವ ಊಟ ಅದೇ ಮನೆಯಲ್ಲಿ ಮಧ್ಯಾಹ್ನ ಅರ್ಧ ಬೆಲೆಗೆ ಸಿಗುತ್ತದೆ. ದೊಡ್ಡ ಅಂಗಡಿಗಳ ನೆಲಮಾಳಿಗೆಯಲ್ಲಿ ಬಾಗಿಲು ಹಾಕುವ ಹೊತ್ತಿಗೆ ಊಟದ ಡಬ್ಬಿಗಳ ಮೇಲೆ ರೇಟು ಇಳಿಸಿದ ಚೀಟಿ ಅಂಟಿಸುತ್ತಾರೆ. ಕೆಲವು ಕಡೆ ಕೂತ ಕೂಡಲೇ ಕೇಳದೆಯೇ ಒಂದು ಸಣ್ಣ ಬಟ್ಟಲು ತಂದಿಡುತ್ತಾರೆ, ಪುಕ್ಕಟೆ ಎಂದು ಬಾಯಿಗೆ ಹಾಕಿಕೊಳ್ಳಬೇಡಿ, ಅದೂ ಬಿಲ್ಲಿಗೆ ಸೇರುತ್ತದೆ. ಕಾಲುವೆಯ ಪಕ್ಕ ಉದ್ದ ಸಾಲು ನಿಂತಿರುವ ಕಡೆ ನಿಲ್ಲಬೇಡಿ, ಹಿಂದಿನ ಗಲ್ಲಿಗೆ ಹೋಗಿ. ಹೀಗೆ ಕೇಳಿದವರಿಗೆಲ್ಲ ಹೇಳುವನು.

ಕೇಳಿದವರು ಹೋಗುವರು, ಉಣ್ಣುವರು, ಹೊಗಳುವರು. ಎಲ್ಲೋ ಒಬ್ಬ ಹೊಟ್ಟೆ ಕೆಡಿಸಿಕೊಂಡು ಬೈಯುವನು. ಆ ಬೈಗುಳವೂ ಊರು ತಲುಪುವಷ್ಟರಲ್ಲಿ ಮರೆತುಹೋಗುತ್ತಿತ್ತು. ಹೇಳಿದ್ದು ಸರಿಯಾದರೆ ಹೆಸರು ಬರುತ್ತಿತ್ತು, ತಪ್ಪಾದರೆ ವ್ಯಾಪಾರಿಯ ಗಂಟೇನೂ ಹೋಗುತ್ತಿರಲಿಲ್ಲ. ಹೇಳಿ ಹೇಳಿ ಅವನಿಗೆ ಮಾತೆನ್ನುವುದು ಬಿಟ್ಟಿ ಸಿಗುವ ವಸ್ತುವಾಯಿತು.

ಬೋರ್ಡಿಲ್ಲದ ಆ ಮನೆಯ ಸುದ್ದಿಯನ್ನು ಮಾತ್ರ ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ವಾರದಲ್ಲಿ ಹಲವು ಸಲ ಅಲ್ಲಿ ಉಣ್ಣುತ್ತಿದ್ದ. ಅವನು ಬಾಗಿಲು ಸರಿಸಿದರೆ ಸಾಕು, ಅಡುಗೆಯವಳು ಸೊಪ್ಪಿನ ನೀರಿನ ಪಾತ್ರೆಯನ್ನು ಒಲೆಗೆ ಏರಿಸುತ್ತಿದ್ದಳು. ಅಷ್ಟು ದೊಡ್ಡ ಶಹರದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ ಬಾಗಿಲು ಅದೊಂದೇ. ಅಲ್ಲಿ ಕೂತಾಗ ತಾನು ಪರದೇಶಿ ಎನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು.

ಒಂದು ಸಲ ನಮ್ಮ ಕಡೆಯ ದೊಡ್ಡ ಜವಳಿ ಸಾಹುಕಾರನೊಬ್ಬ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಒಸಾಕಾಕ್ಕೆ ಬಂದ. ಅವನೂ ಸಸ್ಯಾಹಾರಿ. ಅವನಿಂದ ದೊಡ್ಡ ಆರ್ಡರು ಬರುವ ಆಸೆ ವ್ಯಾಪಾರಿಗಿತ್ತು. ವ್ಯಾಪಾರಿ ಎಂದಿನಂತೆ ಅಲ್ಲಿ ಇಲ್ಲಿ ಎಂದು ಹೇಳುತ್ತಿದ್ದಾಗ ಸಾಹುಕಾರ ತಡೆದು, "ಅದೆಲ್ಲ ಬರುವವರಿಗೆ ಹೇಳುವ ಮಾತು. ನೀವು ಎಲ್ಲಿ ಉಣ್ಣುತ್ತೀರಿ, ಅದನ್ನು ಹೇಳಿ" ಎಂದ.

ಆ ಮನೆಯ ಸುದ್ದಿ ಬಿಟ್ಟುಕೊಡಲು ವ್ಯಾಪಾರಿಗೆ ಮನಸ್ಸಾಗಲಿಲ್ಲ. ಆಮೇಲೆ ಆರ್ಡರು ನೆನಪಾಯಿತು. ಅಡುಗೆಯವಳಿಗೆ ಫೋನ್ ಮಾಡಿ ಮರುದಿನ ಸಂಜೆಗೆ ಎಲ್ಲ ಜಾಗವನ್ನೂ ಕೇಳಿದ.

"ನಿಮಗೆ ಚೆನ್ನಾಗಿ ಗೊತ್ತಿರುವವರೇ?" ಎಂದು ಅವಳು ಒಂದೇ ಪ್ರಶ್ನೆ ಕೇಳಿದಳು.

"ತುಂಬಾ ಬೇಕಾದವರು" ಎಂದ ವ್ಯಾಪಾರಿ. ಅವನು ಸಾಹುಕಾರನ ಮುಖ ನೋಡಿದ್ದು ಅಂದು ಬೆಳಿಗ್ಗೆಯೇ ಮೊದಲು.

ಮರುದಿನ ಸಂಜೆ ವ್ಯಾಪಾರಿಗೆ ಬಂದರಿನಲ್ಲಿ ಕೆಲಸ. ಸಾಹುಕಾರನಿಗೆ ದಾರಿ ಹೇಳಿಕೊಟ್ಟು ಹೋದ. ಸಾಹುಕಾರ ಮನೆಮಂದಿಯೊಡನೆ ಹೊರಟ. ಅರ್ಧ ದಾರಿಯಲ್ಲಿ ನಮ್ಮ ದೇಶದ ಅಡುಗೆಯ ಒಂದು ಹೋಟೆಲು ಕಣ್ಣಿಗೆ ಬಿತ್ತು. ನಾನ್ ರೊಟ್ಟಿ ಎಷ್ಟು ಬೇಕಾದರೂ ಹಾಕುತ್ತೇವೆ, ರೇಟು ಒಂದೇ ಎಂದು ಬಾಗಿಲಲ್ಲಿ ಬರೆದಿತ್ತು. ಸಾಹುಕಾರ ನಿಂತ. ಅತ್ತ ಬೋರ್ಡೂ ಇಲ್ಲದ ಮನೆಯ ಸೊಪ್ಪಿನ ನೀರು, ಇತ್ತ ಎಷ್ಟು ಬೇಕಾದರೂ ರೊಟ್ಟಿ. ಎಲ್ಲರೂ ಒಳಗೆ ನುಗ್ಗಿದರು. ಸಮುದ್ರ ದಾಟಿ ಹೋದವರು ಹೊಟ್ಟೆ ಬಿರಿಯುವಂತೆ ರೊಟ್ಟಿ ತಿಂದು ರೂಮಿಗೆ ಹೋಗಿ ಮಲಗಿದರು. ಬರುವುದಿಲ್ಲವೆಂದು ಫೋನ್ ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಇತ್ತ ಅಡುಗೆಯವಳು ಹಿಂದಿನ ದಿನವೇ ಸೊಪ್ಪು ನೆನೆಹಾಕಿದ್ದಳು. ಮೀನು ತಾಗಿದ ಪಾತ್ರೆಗಳನ್ನೆಲ್ಲ ಎತ್ತಿಟ್ಟು ಬೇರೆ ಪಾತ್ರೆ ಇಳಿಸಿದ್ದಳು. ದಿನಾ ಬರುವವರು ಬಂದಾಗ ಬಾಗಿಲಲ್ಲೇ ತಲೆಬಾಗಿ, ಇವತ್ತು ಅತಿಥಿಗಳಿದ್ದಾರೆ ಕ್ಷಮಿಸಿ ಎಂದು ಕಳಿಸಿದಳು. ಅತಿಥಿಗಳು ಬರಲಿಲ್ಲ. ಬಾಗಿಲು ಹಾಕುವ ಹೊತ್ತಿನ ತನಕ ಖಾಲಿ ಸ್ಟೂಲುಗಳ ಮುಂದೆ ನಿಂತಿದ್ದು ಒಲೆ ಆರಿಸಿದಳು.

ಮರುದಿನ ಊಟ ಹೇಗಿತ್ತು ಎಂದು ಕೇಳಿದಾಗ ವ್ಯಾಪಾರಿಗೆ ವಿಷಯ ತಿಳಿಯಿತು. ಸಾಹುಕಾರ ನಗುನಗುತ್ತ ಹೇಳಿದ. ಆ ರೊಟ್ಟಿಯ ಹೋಟೆಲನ್ನು ನೀವೂ ನಿಮ್ಮವರಿಗೆ ಹೇಳಿ, ದುಡ್ಡಿಗೆ ತಕ್ಕ ಊಟವೆಂದರೆ ಅದು ಎಂದ. ವ್ಯಾಪಾರಿ ಅಲ್ಲಿಂದಲೇ ಹೊರಟ. ಒಂದು ಪೊಟ್ಟಣ ಮಿಠಾಯಿ ಹಿಡಿದುಕೊಂಡು ಊಟದ ಮನೆಗೆ ಓಡಿದ. ಕ್ಷಮೆ ಕೇಳಿ, ಎಲ್ಲರ ಊಟದ ದುಡ್ಡನ್ನೂ ಕೊಟ್ಟ. ಅಡುಗೆಯವಳು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದಳು. ಮುಖ ಸಿಂಡರಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಸದ್ಯ, ಚುಕ್ತಾ ಆಯಿತಲ್ಲ ಎಂದು ವ್ಯಾಪಾರಿ ಹಗುರಾಗಿ ಮನೆಗೆ ಹೋದ.

ಇಲ್ಲಿ ಚೆನ್ನವೀರ ಬಾಯಿ ಹಾಕಿದ. "ದುಡ್ಡು ಕೊಟ್ಟ ಮೇಲೆ ಮುಗಿಯಿತಲ್ಲ, ಬುದ್ಧಿ?"

"ಅವನೂ ಹಾಗೇ ಅಂದುಕೊಂಡ" ಎಂದು ಗುರುಗಳು ಕತೆ ಮುಂದುವರಿಸಿದರು.

ಕೆಲವು ದಿನ ಬಿಟ್ಟು ವ್ಯಾಪಾರಿ ಊಟಕ್ಕೆ ಹೋದ. ಹಲಗೆಯ ಮುಂದೆ ಇಬ್ಬರು ಕೂತಿದ್ದರು, ಉಳಿದದ್ದೆಲ್ಲ ಖಾಲಿ. ಅಡುಗೆಯವಳು ತಲೆಬಾಗಿ, ಇವತ್ತು ಜಾಗವಿಲ್ಲ, ಕ್ಷಮಿಸಿ ಎಂದಳು. ಆ ಜಾಗಕ್ಕೆ ಯಾರೋ ಮೊದಲೇ ಹೇಳಿಟ್ಟಿರಬೇಕು ಎಂದುಕೊಂಡು ಹಿಂತಿರುಗಿದ. ಮುಂದಿನ ವಾರ ಹೋದ. ಆಗಲೂ ಜಾಗ ಖಾಲಿಯಿತ್ತು, ಆಗಲೂ ಜಾಗವಿರಲಿಲ್ಲ. ಎರಡರಷ್ಟು ದುಡ್ಡು ಕೊಡುತ್ತೇನೆ ಎಂದ. ಅವಳು ಇನ್ನೂ ಸ್ವಲ್ಪ ತಗ್ಗಿ ತಲೆಬಾಗಿದಳು. ಆಗ ಅವನಿಗೆ ಅರ್ಥವಾಯಿತು. ಬೀದಿಯಲ್ಲಿ ನಿಂತವನಿಗೆ ದುಃಖ ಉಕ್ಕಿ ಬಂತು. ಆರ್ಡರು ಹೋಗಿದ್ದರೂ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಇನ್ನು ಆ ಬಾಗಿಲು ತೆರೆಯಬೇಕಾದರೆ ತನ್ನ ಪರವಾಗಿ ಯಾರಾದರೂ ಮಾತಾಡಬೇಕು. ಯಾರನ್ನು ಕೇಳುವುದು? ಆ ಶಹರದಲ್ಲಿ ಅವನ ಮಾತು ಕೇಳಿ ಉಂಡವರಿಗೆ ಲೆಕ್ಕವಿರಲಿಲ್ಲ, ಆ ಬಾಗಿಲಲ್ಲಿ ಅವನ ಪರವಾಗಿ ನಿಲ್ಲಬಲ್ಲವರು ಒಬ್ಬರೂ ಇರಲಿಲ್ಲ. ಕೊನೆಗೆ ಗುಂಡಿ ಮಾಡುವ ಮುದುಕ ನೆನಪಾದ. ಆರ್ಡರಿನ ಗಡಿಬಿಡಿಯಲ್ಲಿ ಅವನನ್ನು ನೋಡಿ ಬಹಳ ದಿನವಾಗಿತ್ತು.

ಮುದುಕ ಕೆಲಸದ ಕೋಣೆಯಲ್ಲಿ, ಚಿಪ್ಪಿನ ಪುಡಿಯ ನಡುವೆ ಒಬ್ಬನೇ ಕೂತು ಊಟ ಮಾಡುತ್ತಿದ್ದ. ರೈಲ್ವೆ ಸ್ಟೇಷನ್ನಿನಲ್ಲಿ ಮಾರುವ ಡಬ್ಬಿಯ ಊಟ, ತಣ್ಣಗಾದ ಅನ್ನ. ವ್ಯಾಪಾರಿ ನಡೆದದ್ದನ್ನೆಲ್ಲ ಹೇಳಿ ಕೈಮುಗಿದು, "ನೀವು ಒಂದು ಮಾತು ಹೇಳಿದರೆ ಆಗುತ್ತದೆ" ಎಂದ.

"ನಾನೀಗ ಅಲ್ಲಿಗೆ ಹೋಗುತ್ತಿಲ್ಲ" ಎಂದ ಮುದುಕ.

"ಯಾಕೆ? ನಿಮಗೂ ಜಾಗವಿಲ್ಲ ಅಂದರೇ?"

"ಅವರು ಏನೂ ಅನ್ನಲಿಲ್ಲ. ಆ ಸಂಜೆ ನಾನೂ ಬಾಗಿಲ ತನಕ ಹೋಗಿದ್ದೆ, ಅತಿಥಿಗಳಿದ್ದಾರೆ ಅಂದರು. ಯಾರೂ ಬರಲಿಲ್ಲವೆಂದು ಆಮೇಲೆ ತಿಳಿಯಿತು." ಮುದುಕ ಡಬ್ಬಿಯನ್ನು ಕೆಳಗಿಟ್ಟು ಹೇಳಿದ: "ನಿಮ್ಮನ್ನು ಕರೆದುಕೊಂಡು ಹೋದದ್ದು ನಾನು."

ಅದೇ ಮಾತನ್ನು ವ್ಯಾಪಾರಿ ವರ್ಷಗಳ ಹಿಂದೆ ಕೇಳಿದ್ದ. ಆಗ ಅದನ್ನು ಬಿಲ್ಲಿನ ಮಾತು ಎಂದುಕೊಂಡಿದ್ದ. ಹೆಂಡತಿ ತೀರಿಕೊಂಡ ಮೇಲೆ ಮುದುಕ ಬಿಸಿ ಅನ್ನ ಕಂಡಿದ್ದು ಆ ಹಲಗೆಯ ಮುಂದೆ ಮಾತ್ರ. ಯಾರೂ ಹೇಳದೆ, ಯಾರ ಮೇಲೂ ಮುನಿಸಿಕೊಳ್ಳದೆ, ಅವನು ಆ ಜಾಗವನ್ನು ತಾನಾಗಿ ಬಿಟ್ಟುಕೊಟ್ಟಿದ್ದ. ಯಾವ ಮುಖ ಇಟ್ಟುಕೊಂಡು ಅಲ್ಲಿ ಕೂರುವುದು ಎಂಬುದಷ್ಟೇ ಅವನ ಲೆಕ್ಕ.

ಮುದುಕ ವ್ಯಾಪಾರಿಯನ್ನು ಬೈಯಲಿಲ್ಲ. ಊಟ ಆಗಿಲ್ಲವೇನೋ ಎಂದುಕೊಂಡು, ಡಬ್ಬಿಯಲ್ಲಿ ಮೀನು ತಾಗದ ಕಡೆಯ ಅನ್ನವನ್ನು ಮುಚ್ಚಳಕ್ಕೆ ಹಾಕಿ ಅವನ ಮುಂದೆ ಸರಿಸಿದ. ವ್ಯಾಪಾರಿ ಒಂದು ತುತ್ತು ಬಾಯಿಗಿಟ್ಟ. ಅನ್ನ ತಣ್ಣಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮಠದಲ್ಲಿ ಊಟದ ಗಂಟೆ ಹೊಡೆಯಿತು. ಹುಡುಗರು ತಟ್ಟೆ ಹಿಡಿದುಕೊಂಡು ಜಗಲಿಯ ಮುಂದೆ ಹಾದುಹೋದರು. ಗುರುಗಳು ಮಣೆಯ ಮೇಲಿದ್ದ ಫೋನನ್ನು ಕೈಗೆ ತೆಗೆದುಕೊಂಡರು.

"ಧಣಿಗೆ ಈಗಲೇ ಹೇಳುತ್ತೇನೆ, ಚೆನ್ನವೀರ. ನಿನ್ನ ಬಾಮೈದ ಅಲ್ಲಿ ಕೈಕೊಟ್ಟರೆ ನಾಳೆ ತಣ್ಣನೆಯ ಅನ್ನ ಉಣ್ಣುವವರು ಯಾರು, ನೀನೋ, ನಾನೋ, ಈ ಹುಡುಗರೋ, ಅದನ್ನೊಂದು ಮೊದಲು ಹೇಳು."

ಹುಡುಗರ ಕೈಯ ತಟ್ಟೆಗಳನ್ನು ನೋಡಿ ಚೆನ್ನವೀರ, "ಫೋನು ಕೆಳಗಿಡಿ, ಬುದ್ಧಿ" ಎಂದ.